ಇಪ್ಪತ್ನಾಲ್ಕು ನಿಮಿಷ

ಮಾರ್ಚ್ 4, ಮಂಗಳವಾರ

ಸಮೀಕ್ಷೆಗೆಂದು ಇಲಾಖೆಯವರು ಎರಡು ನೋಟುಪುಸ್ತಕ ಕೊಟ್ಟರು. ಒಂದು ಮನೆಮನೆಯ ವಿವರ ಬರೆಯಲು, ಇನ್ನೊಂದು ಮೊದಲನೆಯದರಲ್ಲಿ ತಪ್ಪಾದರೆ ಹೊಸದಾಗಿ ಬರೆಯಲು. ನನ್ನ ಕೈಯಲ್ಲಿ ತಪ್ಪು ಹುಟ್ಟುವುದಿಲ್ಲ. ಎರಡನೆಯದು ಸುಮ್ಮನೆ ಗೆದ್ದಲು ಹಿಡಿಯುವುದು ಬೇಡವೆಂದು ನನ್ನ ಸ್ವಂತ ಸಮಾಚಾರ ಬರೆಯಲು ಇಟ್ಟುಕೊಂಡಿದ್ದೇನೆ. ಯಾರಿಗೂ ತೋರಿಸುವುದಿಲ್ಲ. ತೋರಿಸಿದರೆ ಹೊಟ್ಟೆ ಉರಿದುಕೊಳ್ಳುವವರೇ ಹೆಚ್ಚು.

ತರಬೇತಿಗೆ ಮೂವತ್ತೊಂದು ಜನ ಬಂದಿದ್ದೆವು. ಇಪ್ಪತ್ತೊಂಬತ್ತು ಮಂದಿ ಡಿಗ್ರಿಯವರು, ಒಬ್ಬ ನಿವೃತ್ತ ಪೋಸ್ಟ್‌ಮ್ಯಾನ್, ಮತ್ತೆ ನಾನು. ನಾನು ಓದಿದ್ದು ಹಳ್ಳಿ ಶಾಲೆಯಲ್ಲಿ ಏಳನೆಯ ತರಗತಿವರೆಗೆ. ಆಗಿನ ಏಳು ಈಗಿನ ಹದಿನೇಳಕ್ಕೆ ಸಮ. ಆ ಡಿಗ್ರಿಯವರಲ್ಲಿ ಒಬ್ಬನಿಗೂ ಹತ್ತೊಂಬತ್ತರ ಮಗ್ಗಿ ಬರುವುದಿಲ್ಲ, ಊಟದ ಬಿಡುವಿನಲ್ಲಿ ಕೇಳಿ ನೋಡಿದೆ.

ನಮ್ಮ ಮೇಲ್ವಿಚಾರಕಿ ದಪ್ಪ ಗಾಜಿನ ಕನ್ನಡಕದ ಹೆಂಗಸು. ದೇಶ ಎಷ್ಟು ಮುಂದೆ ಬಂದಿದೆ ಎಂದು ಅಳೆಯಲು ಇನ್ನೂರಕ್ಕೂ ಮಿಕ್ಕಿ ಸೂಚಕಗಳಿವೆ ಎಂದರು. ಹೊಟ್ಟೆಗೆ ಒಂದು ಅಂಕಿ, ಶಾಲೆಗೆ ಒಂದು, ಹೆರಿಗೆಗೆ, ದೀಪಕ್ಕೆ, ಗಾಳಿಗೆ, ನೀರಿಗೆ ಒಂದೊಂದು. ಎಲ್ಲ ದೇಶಗಳೂ ಹೀಗೇ ಅಳೆಯುತ್ತವಂತೆ, ಅಳೆದದ್ದೆಲ್ಲ ಸೇರಿ ಒಂದು ದೊಡ್ಡ ಪುಸ್ತಕವಾಗುತ್ತದಂತೆ. "ಮುಂದಿನ ತಲೆಮಾರಿಗೂ ಉಳಿಯೋ ಅಂಥ ಅಭಿವೃದ್ಧಿ" ಎಂದರು. ನಾನು ಕೈಯೆತ್ತಿ, "ಮೊದಲು ಈ ತಲೆಮಾರಿಗೆ ಬಂದ್ರೆ ತಾನೇ ಮೇಡಂ, ಮುಂದಿನೋರಿಗೆ ಉಳಿಯೋದು?" ಎಂದೆ. ಎಲ್ಲರೂ ನಕ್ಕರು. ಕನ್ನಡಕದಮ್ಮ ನಗಲಿಲ್ಲ, ನನ್ನ ಹೆಸರು ಬರೆದುಕೊಂಡರು. ಮೊದಲ ದಿನವೇ ಗುರುತಿಸಿಕೊಂಡೆ.

ಕೊರಳಿಗೆ ಕಾರ್ಡು ಹಾಕಿದರು, ಫೋಟೊ ಸಮೇತ. ನಮ್ಮ ವಂಶದಲ್ಲಿ ಸರ್ಕಾರದ ಮೊಹರು ಬಿದ್ದ ಮೊದಲ ಮುಖ ನನ್ನದು. ಮನೆಗೆ ಬಂದಾಗ ತಂಗಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಅಣ್ಣ, ಫೋಟೊದಲ್ಲಿ ಈಗ ತಾನೇ ಸಿಕ್ಕಿಬಿದ್ದೋನ ಥರ ಇದೀಯಲ್ಲೋ" ಎಂದಳು. ನಾನಿರುವುದು ಅವಳ ಮನೆಯಲ್ಲೇ. ಎರಡು ಕೋಣೆ, ತಗಡಿನ ಮಾಡು. ಅವಳು ವಿದ್ಯಾರ್ಥಿನಿಲಯವೊಂದರಲ್ಲಿ ಪಾತ್ರೆ ತೊಳೆಯುತ್ತಾಳೆ.

ತಂಗಿಯ ಮಗಳು ಮೆಣಸು ಕೂಡ ಕಾರ್ಡು ನೋಡಿ ನಕ್ಕಳು. ಮೆಣಸು ಎಂದು ಹೆಸರಿಟ್ಟವನು ನಾನೇ, ಅವಳು ಎರಡು ವರ್ಷದವಳಿದ್ದಾಗ, ನಾಲಿಗೆ ಹಾಗಿತ್ತು. ಡಿಸೆಂಬರಿನಲ್ಲಿ ಗಂಡನ ಮನೆಯಿಂದ ಒಬ್ಬಳೇ ಬಂದಳು. ಎಡಗೈ ಮುರಿದಿತ್ತು. ಬಾಗಿಲಿಗೆ ಸಿಕ್ಕಿತು ಎಂದಳು. ಆ ಬಾಗಿಲಿನ ಹೆಸರು ಅಳಿಯ ಎಂದು ನಮಗೆಲ್ಲ ಗೊತ್ತು, ಯಾರೂ ಕೇಳಲಿಲ್ಲ. ಬಂದಾಗ ಎರಡು ತಿಂಗಳ ಬಸುರಿ, ಈಗ ಐದು. ಹಿಂದೆ ಒಂದು ಹೋಗಿದೆಯಾದ್ದರಿಂದ ಒಂದು ಚೊಂಬಿಗಿಂತ ಭಾರದ್ದು ಎತ್ತಬಾರದು ಎಂದು ನರ್ಸ್ ಹೇಳಿದ್ದಾರೆ. ಮೂರು ತಿಂಗಳಿಂದ ಮುಚ್ಚಿಕೊಂಡಿದ್ದ ಬಾಯಿ ಇವತ್ತು ತೆರೆಯಿತು. "ಮಾವ, ಇನ್ನು ನಿಮ್ಮನ್ನ ಹಿಡಿಯೋರೇ ಇಲ್ಲ ಬಿಡಿ" ಎಂದಳು. ನಿಜವೇ.

ಮಾರ್ಚ್ 7, ಶುಕ್ರವಾರ

ಇವತ್ತಿನದನ್ನು ವಿವರವಾಗಿ ಬರೆಯಬೇಕು.

ನನ್ನ ಪಾಲಿಗೆ ಬಂದದ್ದು ಮೂರು ಓಣಿ, ಇನ್ನೂರ ಹನ್ನೆರಡು ಮನೆ. ಅದರಲ್ಲಿ ನಮ್ಮ ಮೇಲಿನ ಓಣಿಯೂ ಒಂದು. ದಿಬ್ಬದ ನೆತ್ತಿಯ ಮೇಲೆ ಅರವತ್ತನಾಲ್ಕು ಮನೆ, ಕೈಪಂಪು ಇರುವುದು ಕೆಳಗಿನ ಓಣಿಯ ಬಾಯಲ್ಲಿ. ವಾರಕ್ಕೆ ಮೂರು ದಿನ ಟ್ಯಾಂಕರ್ ಮೇಲಕ್ಕೆ ಬರುತ್ತದೆ. ಆದರೆ ಟ್ಯಾಂಕರ್ ನೀರು ಪುಸ್ತಕದ ಲೆಕ್ಕಕ್ಕಿಲ್ಲ, ಅದು ತಾತ್ಕಾಲಿಕ. ಪಂಪಿನ ನೀರಿಗೆ ಹೋಗಿ, ಸರದಿ ನಿಂತು, ತುಂಬಿಸಿ, ವಾಪಸು ಬರಲು ಮೂವತ್ತು ನಿಮಿಷ ಅಥವಾ ಅದಕ್ಕೂ ಕಡಿಮೆಯಾದರೆ ಆ ಓಣಿಗೆ ನೀರು 'ದಕ್ಕಿದೆ'. ಒಂದು ನಿಮಿಷ ಹೆಚ್ಚಾದರೂ 'ದಕ್ಕಿಲ್ಲ'.

ಜನರನ್ನು ಕೇಳಿದರೆ ಅರ್ಧ ದಿನ ಹಿಡಿಯುತ್ತದೆ ಎನ್ನುತ್ತಾರೆ. ತಂಗಿಯೂ, "ನಂಗೆ ಮುಕ್ಕಾಲು ಗಂಟೆ ಅಂತ ಬರ್ಕೋ" ಎಂದಳು. ಅದಕ್ಕೇ ಓಣಿಗೊಂದು ಸಲ ಗಡಿಯಾರ ಹಿಡಿದು ಅಳೆಯಬೇಕು. ದಿನಾ ನೀರು ತರುವವರೊಬ್ಬರ ಹಿಂದೆ ಹೋಗಿ ಅಳೆಯತಕ್ಕದ್ದು ಎಂದು ನಿಯಮದ ಪುಸ್ತಕದಲ್ಲಿದೆ. ಹೆಂಗಸರ ಹಿಂದೆ ಗಡಿಯಾರ ಹಿಡಿದು ನಡೆಯುವುದು ನನ್ನ ಜಾಯಮಾನವಲ್ಲ. ತಂಗಿಯ ಇಪ್ಪತ್ತು ಲೀಟರಿನ ಕ್ಯಾನು ನಾನೇ ಎತ್ತಿಕೊಂಡೆ. ಡಿಗ್ರಿಯವರಲ್ಲಿ ಇಂಥ ಕೆಲಸ ಯಾರು ಮಾಡುತ್ತಾರೆ?

ಪಂಪಿನ ಮುಂದೆ ಹತ್ತೊಂಬತ್ತು ಕ್ಯಾನು ಸಾಲಾಗಿದ್ದವು. ನಮ್ಮ ಓಣಿಯ ಟೈಲರಮ್ಮ ನನ್ನ ಕೊರಳು ನೋಡಿ, "ಓಹೋ ಕಾರ್ಡ್ ಮಾವ, ಬನ್ನಿ ಮುಂದೆ. ಸರ್ಕಾರಾನ ಬಿಸಿಲಲ್ಲಿ ನಿಲ್ಲಿಸಿದ್ರೆ ನಾಳೆ ಪಂಪೇ ಕಿತ್ಕೊಂಡು ಹೋಗ್ತಾರೆ" ಎಂದಳು. ಎಲ್ಲರೂ ನಗುತ್ತ ಕಾಲಲ್ಲಿ ಕ್ಯಾನು ಸರಿಸಿ ದಾರಿ ಬಿಟ್ಟರು. ಒಬ್ಬಳು ನನ್ನ ಕೈಗೆ ಹಿಡಿಕೆ ಕೊಡದೆ ತಾನೇ ಹೊಡೆದು ತುಂಬಿಸಿಕೊಟ್ಟಳು. ಹಿರಿಯನಿಗೆ, ಅದೂ ಕಾರ್ಡಿನವನಿಗೆ, ಮರ್ಯಾದೆ ಎಂದರೆ ಹೀಗಿರಬೇಕು. ಹೆಗಲಿಗೇರಿಸಿಕೊಂಡವನು ಎಲ್ಲೂ ಇಳಿಸದೆ ದಿಬ್ಬ ಹತ್ತಿದೆ.

ಇಪ್ಪತ್ನಾಲ್ಕು ನಿಮಿಷ. ಅರವತ್ತೊಂದರ ವಯಸ್ಸಿನಲ್ಲಿ, ಆ ಏರಿನಲ್ಲಿ. ದಪ್ಪ ಅಕ್ಷರದಲ್ಲಿ ಬರೆದೆ. ತಂಗಿಗೆ ತೋರಿಸಿ, "ಮುಕ್ಕಾಲು ಗಂಟೆ ಅಂತೆ. ದಾರೀಲಿ ಯಾರ ಮನೆ ಸುದ್ದಿ ಹೇಳ್ಕೊಂಡು ನಿಂತಿರ್ತೀಯೆ?" ಎಂದು ಛೇಡಿಸಿದೆ. ಅವಳು ಕ್ಯಾನು ಕಸಿದುಕೊಂಡು ಒಳಗೆ ಹೋದಳು.

ಮಾರ್ಚ್ 21, ಶುಕ್ರವಾರ

ಇನ್ನೂರ ಹನ್ನೆರಡೂ ಮುಗಿದವು. ಮೂವತ್ತೊಂದು ಜನರಲ್ಲಿ ಮೊದಲು ಮುಗಿಸಿದವನು ನಾನು. "ಯಜಮಾನರೇ, ನಿಮ್ಮ ಹಾಳೇಲಿ ಒಂದೂ ಚಿತ್ತಿಲ್ಲ" ಎಂದು ಕನ್ನಡಕದಮ್ಮನೇ ಹೇಳಿದರು. ನಿವೃತ್ತ ಪೋಸ್ಟ್‌ಮ್ಯಾನ್ ಮುಖ ಸೊಟ್ಟಗೆ ಮಾಡಿದ. ಮುಂದಿನ ಸುತ್ತಿಗೂ ನನ್ನನ್ನೇ ಕರೆಯುತ್ತಾರೆ.

ಏಪ್ರಿಲ್ 2, ಬುಧವಾರ

ಸೋಮವಾರ ಟ್ಯಾಂಕರ್ ಬರಲಿಲ್ಲ. ಇವತ್ತೂ ಇಲ್ಲ. ದೊಡ್ಡ ರಸ್ತೆಯಲ್ಲಿ ಡ್ರೈವರ್ ಸಿಕ್ಕಿದ. "ಲಿಸ್ಟಲ್ಲಿ ನಿಮ್ಮ ಓಣಿ ಇಲ್ಲ ಯಜಮಾನ್ರೆ. ತೆಗೆದಿದಾರೆ" ಎಂದ. ಕಚೇರಿಯಲ್ಲಿ ಯಾವನೋ ಎಡವಟ್ಟು ಮಾಡಿದ್ದಾನೆ. ನಾಳೆ ಹೋಗಿ ಬಿಸಿ ಮುಟ್ಟಿಸಿ ಬರುತ್ತೇನೆ. ಓಣಿಯವರಿಗೆಲ್ಲ ಹೇಳಿದ್ದೇನೆ, ನಾನಿರುವಾಗ ಚಿಂತೆ ಬೇಡವೆಂದು.

ಏಪ್ರಿಲ್ 3, ಗುರುವಾರ

ಕನ್ನಡಕದಮ್ಮ ಒಂದು ಪಟ್ಟಿ ತೆಗೆದು ನನ್ನ ಮುಂದಿಟ್ಟರು. ಮೂವತ್ತು ನಿಮಿಷದೊಳಗಿನ ಓಣಿಗಳಿಗೆಲ್ಲ ಟ್ಯಾಂಕರ್ ನಿಂತಿದೆ. ನಮ್ಮ ಓಣಿಯ ಮುಂದೆ 24.

"ಟ್ಯಾಂಕರಿಗೂ ಈ ಪುಸ್ತಕಕ್ಕೂ ಸಂಬಂಧ ಇದೆ ಅಂತ ತರಬೇತೀಲಿ ಹೇಳ್ಲಿಲ್ವಲ್ಲ ಮೇಡಂ."

"ನಂಗೂ ಯಾರೂ ಹೇಳಿರ್ಲಿಲ್ಲ. ನೀರಿನ ಇಲಾಖೆಯವ್ರು ನಮ್ಮ ಪಟ್ಟಿ ತಗೊಂಡು ಹೋದ್ರು, ಅಷ್ಟೆ. ಯಾಕೆ, ಅಂಕಿ ತಪ್ಪಿದ್ಯಾ?"

ಅಕ್ಕಪಕ್ಕದ ಮೇಜಿನವರು ತಲೆಯೆತ್ತಿ ನೋಡುತ್ತಿದ್ದರು. ಆ ಪೋಸ್ಟ್‌ಮ್ಯಾನ್ ಕೂಡ ಅಲ್ಲೇ ಇದ್ದ.

"ನನ್ನ ಅಂಕಿ ತಪ್ಪೋದಾ? ಇಪ್ಪತ್ನಾಲ್ಕು ಅಂದ್ರೆ ಇಪ್ಪತ್ನಾಲ್ಕೇ" ಎಂದೆ.

ಮನೆಯಲ್ಲಿ, ಮೇಜು ಗುದ್ದಿ ಬಂದಿದ್ದೇನೆ, ವಾರದಲ್ಲಿ ಸರಿಹೋಗುತ್ತದೆ ಎಂದು ಹೇಳಿದೆ.

ಏಪ್ರಿಲ್ 6, ಭಾನುವಾರ

ದಿನಕ್ಕೆ ನಾಲ್ಕು ಕ್ಯಾನು ಬೇಕು. ಎರಡನ್ನು ನಾನು ತರುತ್ತಿದ್ದೇನೆ, ಗಡಿಯಾರ ಸರಿಯಿದೆಯೇ ಎಂದು ನೋಡುವುದಕ್ಕೆ. ಟ್ಯಾಂಕರ್ ನಿಂತ ಮೇಲೆ ಸರದಿ ಕೆಳಗಿನ ಓಣಿಯ ತಿರುವು ದಾಟಿದೆ. ಕಾರ್ಡು ಹಾಕಿಕೊಂಡೇ ಹೋಗಿದ್ದೆ. ಟೈಲರಮ್ಮ ಮುಖ ಬೇರೆ ಕಡೆ ತಿರುಗಿಸಿ, "ಇವತ್ತು ಸರದಿ ಮಾವ. ಏನೂ ಅಂದ್ಕೋಬೇಡಿ" ಎಂದಳು. ಅಂದುಕೊಳ್ಳಲು ಏನಿದೆ. ಅರವತ್ತೆಂಟು ನಿಮಿಷ ಹಿಡಿಯಿತು. ಪಂಪಿನ ವಾಷರ್ ಸವೆದಿದೆ.

ಏಪ್ರಿಲ್ 9, ಬುಧವಾರ

ಬೆಳಿಗ್ಗೆ 71. ಸಂಜೆ 74. ಗಡಿಯಾರದ ಸೆಲ್ ಬದಲಿಸಿದೆ.

ಏಪ್ರಿಲ್ 10, ಗುರುವಾರ

73. ಹೊಸ ಸೆಲ್ಲೂ ಕಳಪೆ ಮಾಲು.

ಏಪ್ರಿಲ್ 15, ಮಂಗಳವಾರ

ತಂಗಿ ಕೆಲಸಕ್ಕೆ ಹೋಗಿದ್ದಳು. ನಾನು ಪಂಪಿನಲ್ಲಿ ಎರಡನೆಯ ಕ್ಯಾನಿಗೆ ನಿಂತಿದ್ದೆ. ಸಾಲಿನಲ್ಲಿ ನನಗಿಂತ ಹಿಂದೆ ಮೆಣಸು ಸಣ್ಣ ಕ್ಯಾನು ಹಿಡಿದು ನಿಂತಿದ್ದನ್ನು ಬೇರೆಯವರು ಹೇಳಿದ ಮೇಲೆ ನೋಡಿದೆ. ಬೈದೆ. "ಎರಡು ಹೊತ್ತು ಕೂತು ತಿಂದು, ನೀವಿಬ್ರು ಹೊತ್ತು ತಂದಿದ್ದು ಕುಡೀಲಾ?" ಎಂದಳು. ಕ್ಯಾನು ಕಿತ್ತುಕೊಂಡು ಅವಳನ್ನು ಬರಿಗೈಯಲ್ಲೇ ಹತ್ತಿಸಿಕೊಂಡು ಬಂದೆ. ಅಷ್ಟಾದರೂ ಸಂಜೆ ರಕ್ತ ಕಾಣಿಸಿತು. ಹಿಂದಿನ ಮೂರು ದಿನವೂ ನಮಗೆ ಗೊತ್ತಿಲ್ಲದೆ ಒಂದೊಂದು ಸಲ ಹೋಗಿದ್ದಳಂತೆ. ನರ್ಸ್ ಬಂದು ನೋಡಿ, ಮಲಗಿರಬೇಕು ಎಂದರು. ನನ್ನ ಮೇಲೆ ರೇಗಿದರು. ರೇಗಲಿ.

ಈ ಸುದ್ದಿ ಅದು ಹೇಗೆ ಬೀಗಿತ್ತಿಯ ಕಿವಿಗೆ ಬಿತ್ತೋ, ರಾತ್ರಿಯೊಳಗೆ ಫೋನು ಬಂತು. "ನಮ್ಮನೇಲಿ ಒಳಗೇ ನಲ್ಲಿ ಇದೆ. ಬಂದು ಹೆರಲಿ. ನನ್ನ ಮಗ ಏನು ಹುಲೀನಾ?" ತಂಗಿ ಫೋನಿಟ್ಟಳು. ಮೆಣಸು ಒಳಗಿನಿಂದಲೇ, "ಮಾವ, ಅಲ್ಲಿಗೆ ಮಾತ್ರ ಕಳಿಸ್ಬೇಡಿ. ಏನು ಬೇಕಾದ್ರೂ ಮಾಡಿ" ಎಂದಳು.

ಕಳಿಸುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ.

ಏಪ್ರಿಲ್ 17, ಗುರುವಾರ

ಸರದಿಯಲ್ಲಿ ಟೈಲರಮ್ಮ ಕೇಳಿದಳು, "ಅದ್ಯಾವ ಬೃಹಸ್ಪತಿ ಅಳೆದನೋ, ಮೂವತ್ತು ನಿಮಿಷದೊಳಗೆ ಬರ್ತೀವಂತೆ ನಾವು. ರೆಕ್ಕೆ ಇದೆಯಾ ನಮ್ಗೆ?"

ಸುಮ್ಮನಿರಬಹುದಿತ್ತು. ಬಿಸಿಲಿಗೆ ತಲೆ ಕೆಟ್ಟಿತ್ತೋ ಏನೋ, "ನಾನೇ" ಎಂದೆ. ಅವತ್ತು ನೀವು ದಾರಿ ಬಿಟ್ಟಿರಲ್ಲ, ಅದೇ ಹೊತ್ತನ್ನು ಬರೆದೆ ಎಂದೆ. ಪಂಪು ಹೊಡೆಯುತ್ತಿದ್ದವಳ ಕೈ ನಿಂತಿತು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಟೈಲರಮ್ಮ, "ಬಿಟ್ಟೋರು ನಾವೇ ತಾನೇ ಮಾವ" ಎಂದಳು. ಆಮೇಲೆ ಪಂಪು ಮತ್ತೆ ಶುರುವಾಯಿತು.

ಬೈದಿದ್ದರೆ ಉತ್ತರ ಕೊಡುತ್ತಿದ್ದೆ.

ಏಪ್ರಿಲ್ 21, ಸೋಮವಾರ

ಕನ್ನಡಕದಮ್ಮನಿಗೆ ನಡೆದದ್ದು ಹೇಳಿದೆ. ಅಳತೆ ನಿಯಮದಂತೆ ಆಗಿಲ್ಲ ಎಂದು ಬರೆದುಕೊಟ್ಟರೆ ಮೇಲಕ್ಕೆ ಕಳಿಸಬಹುದು ಎಂದರು.

"ಬರ್ಕೊಟ್ರೆ ಟ್ಯಾಂಕರ್ ಬರುತ್ತಾ?"

"ಅಂಕಿ ಬದಲಾದ್ರೆ ಪಟ್ಟಿ ಬದಲಾಗುತ್ತೆ. ನಂಗೆ ಗೊತ್ತಿರೋದು ಅಷ್ಟೇ ಯಜಮಾನರೇ. ಆದ್ರೆ ನಿಮ್ಮ ಕಾರ್ಡ್ ವಾಪಸ್ ತಗೋಬೇಕಾಗುತ್ತೆ. ಮುಂದೆ ಯಾವ ಸಮೀಕ್ಷೆಗೂ ನಿಮ್ಮನ್ನ ತಗೊಳ್ಳಲ್ಲ."

ಅಲ್ಲೇ ಹೊರಗಿನ ಬೆಂಚಿನ ಮೇಲೆ ಕೂತು ಬರೆದೆ. ಎರಡು ಹಾಳೆ ಹರಿದೆ. ಮೂರನೆಯದು ಹೀಗಿತ್ತು:

'ಮಾರ್ಚ್ ಏಳರಂದು ಮೇಲಿನ ಓಣಿಯ ನೀರಿನ ಹೊತ್ತನ್ನು ನಾನು ನಿಯಮದಂತೆ ಅಳೆಯಲಿಲ್ಲ. ದಿನಾ ನೀರು ತರುವವರ ಹಿಂದೆ ಹೋಗದೆ ನಾನೇ ಹೋದೆ. ಸರದಿ ನಿಲ್ಲಲಿಲ್ಲ. ಹತ್ತೊಂಬತ್ತು ಜನ ದಾರಿ ಬಿಟ್ಟರು, ನಾನು ಬೇಡವೆನ್ನಲಿಲ್ಲ. ನನ್ನ ಕ್ಯಾನನ್ನು ಬೇರೆಯವರು ತುಂಬಿಸಿಕೊಟ್ಟರು. ನನ್ನ ತಂಗಿ ಮುಕ್ಕಾಲು ಗಂಟೆ ಎಂದು ಹೇಳಿದ್ದಳು. ಅವಳು ಹೇಳಿದ್ದು ಸರಿ. ಈಗ ಒಂದು ಗಂಟೆಗೂ ಹೆಚ್ಚು ಹಿಡಿಯುತ್ತದೆ. ದಯವಿಟ್ಟು ಯಾರಾದರೂ ಬಂದು ನೋಡಬೇಕು.'

ಕಾರ್ಡು ಕೊಟ್ಟು ಬಂದೆ. ಕ್ಯಾನು ಹೊರುವಾಗ ಅದು ಎದೆಗೆ ಬಡಿಯುತ್ತಿತ್ತು. ಈಗ ಆ ಕಾಟವಿಲ್ಲ.

ಮೇ 3, ಶನಿವಾರ

ಇಲಾಖೆಯವರು ಬಂದಾಗ ತೋರಿಸಲು ಎಲ್ಲರ ಹೊತ್ತನ್ನೂ ಬರೆದಿಟ್ಟುಕೊಳ್ಳುತ್ತಿದ್ದೇನೆ. ಈಗ ಹಿಂದೆ ಹಿಂದೆಯೇ ನಡೆಯುತ್ತೇನೆ. ಟೈಲರಮ್ಮ 77. ಅವಳು ಹೊಲಿಗೆಯನ್ನು ಒಂದೇ ಹೊತ್ತಿಗೆ ಇಳಿಸಿದ್ದಾಳೆ. ಮೂಲೆಮನೆಯ ಅಜ್ಜಿ 96. ಏರಿನಲ್ಲಿ ಐದು ಕಡೆ ಇಳಿಸುತ್ತಾಳೆ, ಐದನೆಯ ಕಡೆ ಕೂತೇಬಿಡುತ್ತಾಳೆ. ಅವಳದನ್ನು ಅಲ್ಲಿಂದ ನಾನು ಹತ್ತಿಸಿದೆ, ಹಾಗಾಗಿ ಲೆಕ್ಕದಲ್ಲಿ ಅವಳ ನಿಜವಾದ ಹೊತ್ತು ಇನ್ನೂ ಹೆಚ್ಚು ಎಂದು ಬದಿಯಲ್ಲಿ ಬರೆದಿದ್ದೇನೆ. ತಂಗಿ 81. ನಾನು 88. ನನ್ನದು ಲೆಕ್ಕಕ್ಕೆ ಬೇಡ. ಬಲಗಡೆ ಸೊಂಟದಲ್ಲಿ ಏನೋ ಹಿಡಿದುಕೊಂಡಿದೆ, ಕಾಲು ಎಳೆಯುತ್ತದೆ.

ಮೆಣಸು ಮಲಗಿದಲ್ಲಿಂದಲೇ ಕೂಸಿನ ಬಟ್ಟೆ ಹೊಲಿಯುತ್ತಾಳೆ. ರಕ್ತ ನಿಂತಿದೆ. ಇವತ್ತು, "ಮಾವ, ಎಷ್ಟು ದಿನ ಆಯ್ತು ನೀವು ಜಂಬ ಕೊಚ್ಚಿ, ಹುಷಾರಿಲ್ವಾ?" ಎಂದಳು. ಹುಷಾರಾಗಿದ್ದೇನೆ ಎಂದೆ.

ಮೇ 12, ಸೋಮವಾರ

ಯಾರೂ ಬಂದಿಲ್ಲ.

ಮೇ 17, ಶನಿವಾರ

ತಂಗಿ ಏರಿನಲ್ಲಿ ಬಿದ್ದಳು. ಮಂಡಿಚಿಪ್ಪು ಸರಿದಿದೆ. ಆರು ವಾರ ಕಾಲೂರುವಂತಿಲ್ಲ. ಅಜ್ಜಿಯೂ ಟೈಲರಮ್ಮನೂ ಒಂದೊಂದು ಚೊಂಬು ತಂದು ನಮ್ಮ ಹಂಡೆಗೆ ಸುರಿದು ಹೋದರು. ಅವರ ಮನೆಯ ಹಂಡೆಯಲ್ಲಿ ಎಷ್ಟಿದೆ ಎಂದು ನನಗೆ ಗೊತ್ತು. ಬೇಡವೆಂದರೂ ಕೇಳಲಿಲ್ಲ.

ಮೇ 19, ಸೋಮವಾರ

ಕಚೇರಿಯಿಂದ ಕರೆ ಬಂತು, ಹೋದೆ. ತಿದ್ದಿದ ಪಟ್ಟಿ ಬಂದಿದೆ. ಮೇಲಿನ ಓಣಿಯ ಮುಂದೆ 11 ಎಂದಿತ್ತು.

ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದೆ. ಹನ್ನೊಂದೇ.

"ಯಾರು ಬಂದು ಅಳೆದ್ರು ಮೇಡಂ?"

"ಯಾರೂ ಬರ್ಲಿಲ್ಲ. ನೀವು ಬರ್ಕೊಟ್ಟ ಮೇಲೆ ನಿಮ್ಮ ಎಲ್ಲಾ ಹಾಳೇನೂ ರದ್ದು ಮಾಡಿದ್ರು. ಇನ್ನೂರ ಹನ್ನೆರಡು ಮನೇದೂ. ಹಾಳೆ ಇಲ್ಲದ ಓಣಿಗೆ ಪಕ್ಕದ ಓಣಿ ಅಂಕಿ ತುಂಬಬೇಕು ಅಂತ ನಿಯಮ ಇದೆ. ಪಕ್ಕದ್ದು ಅಂದ್ರೆ ಕೆಳಗಿನ ಓಣಿ. ಅದನ್ನ ಬೇರೆಯವ್ರು ಅಳೆದಿದ್ರು."

ಕೆಳಗಿನ ಓಣಿಯವರಿಗೆ ಪಂಪು ಹೊಸ್ತಿಲಲ್ಲೇ ಇದೆ.

"ಹಂಗಾದ್ರೆ ಮೊದಲಿಂದಕ್ಕಿಂತ ಚೆನ್ನಾಗಾಯ್ತು ನಮ್ಮ ಓಣಿ" ಎಂದೆ.

ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತ ಕೂತರು. ತಾವು ಎರಡು ಪತ್ರ ಬರೆದದ್ದನ್ನು, ಎರಡಕ್ಕೂ ಬಂದ ಒಂದೇ ಉತ್ತರವನ್ನು ತೋರಿಸಿದರು. ಪುಸ್ತಕ ಅಚ್ಚಿಗೆ ಹೋಗಿದೆ. ನೀರಿನ ಸೂಚಕದಲ್ಲಿ ದೇಶ ಎರಡು ಸ್ಥಾನ ಮೇಲೇರಿದೆ. ಮುಂದಿನ ಅಳತೆ ಮೂರು ವರ್ಷಕ್ಕೆ.

ನಾನು ಬರೆದಿಟ್ಟುಕೊಂಡಿದ್ದ ಹೊತ್ತುಗಳ ಹಾಳೆ ಕೊಟ್ಟೆ. ಒಂದೊಂದನ್ನೂ ಓದಿದರು. "ಇದನ್ನ ಎಲ್ಲಿ ಸೇರಿಸ್ಲಿ ಯಜಮಾನರೇ, ಇದಕ್ಕೆ ಜಾಗ ಇಲ್ಲ" ಎಂದರು. ಆದರೂ ವಾಪಸು ಕೊಡಲಿಲ್ಲ, ತಮ್ಮ ಕೈಚೀಲದಲ್ಲಿ ಇಟ್ಟುಕೊಂಡರು.

ಮೇ 21, ಬುಧವಾರ

ಸೊಂಟ ಹಿಡಿದು ಬೆಳಿಗ್ಗೆ ಏಳಲಾಗಲಿಲ್ಲ. ತಲೆಯೆತ್ತಿ ನೋಡಿದರೆ ಮೆಣಸು ಬಾಗಿಲಲ್ಲಿ ಕ್ಯಾನು ಹಿಡಿದು ನಿಂತಿದ್ದಾಳೆ. ಕೂಗಿದೆ. ತಿರುಗಿ ಬಂದು ಹಾಸಿಗೆಯ ತುದಿಯಲ್ಲಿ ಕೂತಳು.

"ನಾನು ಅಲ್ಲಿಗೇ ಹೋಗ್ತೀನಿ ಮಾವ."

ತಂಗಿ ಇತ್ತ ಹೊರಳಿ, "ಸತ್ರೂ ಕಳ್ಸಲ್ಲ" ಎಂದಳು.

"ನೀವಿಬ್ರು ಸಾಯೋದೇ ಆಗ್ತಿದೆಯಲ್ಲಮ್ಮ. ಇಲ್ಲಿದ್ರೆ ನೀರು ಹೊರ್ಬೇಕು. ಹೊತ್ರೆ ಇದು ಉಳಿಯಲ್ಲ. ಅಲ್ಲಿದ್ರೆ..." ಎಂದು ನಿಲ್ಲಿಸಿದಳು. ಆಮೇಲೆ, "ಬಸುರಿಗೆ ಕೈ ಮಾಡೋ ಅಷ್ಟು ಕೆಟ್ಟೋನಲ್ಲ" ಎಂದಳು.

ಡಿಸೆಂಬರಿನಲ್ಲೂ ಬಸುರಿಯೇ ಆಗಿದ್ದಳು. ಮೂವರಿಗೂ ಅದು ನೆನಪಿತ್ತು. ತಂಗಿ ನನ್ನನ್ನು ನೋಡಿದಳು. ಏನಾದರೂ ಹೇಳುತ್ತಾನೆ ಅಣ್ಣ ಎಂದು ಕಾದಳು.

ಮೇ 25, ಭಾನುವಾರ

ಎರಡು ಬಸ್ಸು ಬದಲಿಸಿ ಸಂಜೆ ಐದಕ್ಕೆ ಮುಟ್ಟಿದೆವು. ದಾರಿಯುದ್ದಕ್ಕೂ ಅವಳು ನನ್ನ ಭುಜಕ್ಕೆ ಒರಗಿ ನಿದ್ದೆ ಮಾಡಿದಳು, ಅಥವಾ ಹಾಗೆ ನಟಿಸಿದಳು.

ಬೀಗಿತ್ತಿ ಬಾಗಿಲಿಗೆ ಬಂದು, "ಬನ್ನಿ ಬೀಗರೇ, ಒಳಗೆ ಬನ್ನಿ" ಎಂದಳು. ಅಳಿಯ ಕುರ್ಚಿಯಲ್ಲಿ ಕೂತಿದ್ದ, ಏಳಲಿಲ್ಲ. "ಬಂದ್ಳಾ" ಎಂದ. ಅಷ್ಟೇ.

ಬೀಗಿತ್ತಿ ನನ್ನನ್ನು ಅಡಿಗೆಮನೆಗೆ ಕರೆದೊಯ್ದು ನಲ್ಲಿ ತಿರುಗಿಸಿ ತೋರಿಸಿದಳು. ಬಚ್ಚಲಿನಲ್ಲಿ ಇನ್ನೊಂದು. ನೀರು ದಪ್ಪವಾಗಿ, ಸದ್ದು ಮಾಡುತ್ತ ಬಂತು. "ಎರಡು ಹೊತ್ತೂ ಹೀಗೇ ಬರುತ್ತೆ. ನಿಮ್ಮ ಹುಡುಗಿ ಇಲ್ಲಿ ಕೈ ನೋಯಿಸ್ಕೊಳ್ಳೋದು ಏನೂ ಇರಲ್ಲ" ಎಂದಳು. ಅವಳ ಮುಖ ನೋಡಿದೆ. ತಮಾಷೆಗೆ ಹೇಳಿದ್ದಲ್ಲ.

ಮನೆಯೊಳಗೇ ನಲ್ಲಿ, ಹೋಗಿ ಬರಲು ಸೊನ್ನೆ ನಿಮಿಷ. ಪುಸ್ತಕದಲ್ಲಿ ಇದು ಎಲ್ಲಕ್ಕಿಂತ ಮೇಲಿನ ಮೆಟ್ಟಿಲು.

ಮೆಣಸು ನನಗೊಂದು ಲೋಟ ನೀರು ಹಿಡಿದು ಕೊಟ್ಟಳು. ಬಲಗೈಯಲ್ಲಿ ಕೊಟ್ಟಳು, ಎಡಗೈಯನ್ನು ಹೊಟ್ಟೆಯ ಮುಂದೆ ಅಡ್ಡ ಹಿಡಿದುಕೊಂಡಿದ್ದಳು. ಬೀಗಿತ್ತಿ ಆಚೆ ಹೋದಾಗ ಮೆತ್ತಗೆ, "ಅಮ್ಮಂಗೆ ನಗ್ತಾ ಇದ್ಲು ಅಂತ ಹೇಳಿ" ಎಂದಳು. ಆಮೇಲೆ ಜೋರಾಗಿ, "ಹೊರಡಿ ಮಾವ, ಕೊನೇ ಬಸ್ಸು ಆರೂವರೆಗೆ" ಎಂದಳು.

ಹೊರಟೆ. ಹಿಂದೆ ಬಾಗಿಲು ಮುಚ್ಚಿತು, ಚಿಲಕ ಬಿತ್ತು. ಬೀದಿಗಿಳಿದು ನಿಂತೆ. ಒಳಗೆ ನಲ್ಲಿ ಸುರಿಯುತ್ತಿದ್ದ ಸದ್ದು ಕೇಳುತ್ತಿತ್ತು. ಅಳಿಯ ಏನೋ ಅಂದ. ನಲ್ಲಿ ನಿಂತಿತು.

ಬಸ್ಸು ಹೋಯಿತು. ಎದುರಿಗೆ ಮುಚ್ಚಿದ ಅಂಗಡಿಯೊಂದರ ಕಟ್ಟೆಯಿದೆ, ಅದರ ಮೇಲೆ ಕೂತು ಬರೆಯುತ್ತಿದ್ದೇನೆ. ಇಲ್ಲಿಂದ ಆ ಬಾಗಿಲಿಗೆ ಹದಿನಾರು ಹೆಜ್ಜೆ. ಅವಳು ಕೂಗಿದರೆ ಕೇಳಿಸುತ್ತದೆ.